ರಂಗೋಲಿಯಲ್ಲಿ ಬರೆದ ಗವಿ

ಮೊನ್ನೆ ನಮ್ಮ ನಾದಿನಿಯ ಮಗಳು ಸಹನಾ ಬಂದಿದ್ದಳು. ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದೆ, ಅವಳು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏನೋ ಕುಟ್ಟುತ್ತಿದ್ದಳು. ಸುಮ್ಮನೆ ಆ ಕಡೆ ಕಣ್ಣು ಹಾಯಿಸಿದೆ. ಕಪ್ಪು ಪರದೆ, ಹಸಿರು ಅಕ್ಷರ, ಕೊನೆಯಲ್ಲಿ ಮಿಣಕ್ ಮಿಣಕ್ ಅನ್ನುವ ಒಂದು ಪುಟ್ಟ ಗೀಟು. ಚಿತ್ರವಿಲ್ಲ, ಸದ್ದಿಲ್ಲ. ಬೆರಳ ಸಂದಿಯ ಅವರೆಕಾಯಿ ಅಲ್ಲೇ ನಿಂತಿತು.

“ಬಾಗಿಲ ಹಿಂದೆ ದೀಪ ಇದೆ, ಅದನ್ನು ಮೊದಲು ತಗೋ. ಬೀಗದ ಕೈ ಬಾವಿಕಟ್ಟೆ ಮೇಲಿರುತ್ತೆ,” ಎಂದೆ.

ಹುಡುಗಿ ನನ್ನನ್ನೇ ನೋಡಿದಳು. “ಅತ್ತೆ, ಇದು ನಾನು ಹುಟ್ಟೋಕೆ ಮುಂಚಿನ ಆಟ. ನಿಮಗೆ ಹೇಗೆ ಗೊತ್ತು?”

ಏಕಾದಶಿ ಯಾವತ್ತು ಬಂತು, ಸಾರಿಗೆ ಹುಳಿ ಎಷ್ಟು ಬೇಕು, ಇವೆರಡು ಬಿಟ್ಟರೆ ಅತ್ತೆಗೆ ಏನೂ ಗೊತ್ತಿಲ್ಲ ಎಂದುಕೊಂಡಿದ್ದಳು, ಪಾಪ. ನಾನೂ ಹಾಗೇ ಎಂದುಕೊಂಡಿದ್ದೆ ಅನ್ನಿ. ಆ ಆಟ ನನಗೆ ಕಲಿಸಿದ್ದು ಅವಳ ಅಜ್ಜಿ, ಅಂದರೆ ನನ್ನ ಅತ್ತೆ. ಅವರಿಗೆ ಇಂಗ್ಲಿಷಿರಲಿ, ಕನ್ನಡದ ಅಕ್ಷರವೂ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ತವರು ಟಿ. ನರಸೀಪುರದಲ್ಲಿ ನನ್ನ ತಮ್ಮ ಬಸ್‌ಸ್ಟ್ಯಾಂಡ್ ಹತ್ತಿರ ಟೈಪಿಂಗ್ ಅಂಗಡಿ ಇಟ್ಟಿದ್ದ. ಹೊಸ ಕಂಪ್ಯೂಟರ್ ಬಂದ ಮೇಲೆ ಹಳೆಯದನ್ನು ಹತ್ತಿಯ ಹಾಸಿಗೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ನಂಜನಗೂಡಿನ ನಮ್ಮ ಮನೆಗೆ ತಂದ. “ಮನೇಲಿರಲಿ ಅಕ್ಕ, ಭಾವನೋರು ಕಲೀತಾರೆ,” ಎಂದ. ನಮ್ಮ ಯಜಮಾನರು ಅದಕ್ಕೆ ಕುಂಕುಮವಿಟ್ಟು ಕೈಮುಗಿದರು. ಅವರ ಕಲಿಕೆ ಅಲ್ಲಿಗೆ ಮುಗಿಯಿತು.

ಅದರಲ್ಲಿದ್ದದ್ದು ಈ ಒಂದೇ ಆಟ. ನೀವು ಇಂಥದ್ದು ನೋಡಿರಲಾರಿರಿ, ಹೇಳುತ್ತೇನೆ ಕೇಳಿ. ನೀವೊಂದು ಪಾಳು ಕೋಟೆಯ ಮುಂದೆ ನಿಂತಿದ್ದೀರಿ ಎಂದು ಅದು ಇಂಗ್ಲಿಷಿನಲ್ಲಿ ಬರೆಯುತ್ತದೆ. ಏನು ಮಾಡುತ್ತೀರಿ ಎಂದು ಕಾಯುತ್ತದೆ. ಟೇಕ್ ಲ್ಯಾಂಪ್, ಗೋ ನಾರ್ತ್, ಹೀಗೆ ಎರಡೆರಡು ಪದ ಒತ್ತಿದರೆ ದೀಪ ನಿಮ್ಮ ಕೈಗೆ ಬರುತ್ತದೆ, ನೀವು ಉತ್ತರಕ್ಕೆ ಹೋಗುತ್ತೀರಿ. ಕೋಟೆಯ ಕೆಳಗೊಂದು ಗವಿ, ಗವಿಯ ಕೊನೆಯಲ್ಲಿ ನಿಧಿ. ಎಲ್ಲವೂ ಬರೀ ಅಕ್ಷರದಲ್ಲಿ. ನಾನು ಎಸೆಸೆಲ್ಸಿಯಲ್ಲಿ ಇಂಗ್ಲಿಷ್ ಪಾಸಾದದ್ದು ಗುಂಜಾ ನರಸಿಂಹಸ್ವಾಮಿಯ ದಯೆ, ಅದರಲ್ಲಿ ನನ್ನ ಪಾತ್ರವೇನೂ ಇಲ್ಲ. ಆದರೂ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡರೆ ಅರ್ಥವಾಗುವಷ್ಟಿತ್ತು.

ಅದೇ ವರ್ಷ ನಮ್ಮತ್ತೆ ಕಪಿಲಾ ಹೊಳೆಯ ಸೋಪಾನದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೈಸೂರಿನಲ್ಲಿ ಆಪರೇಷನ್ ಆಯಿತು, ಮೂಳೆಯೂ ಕೂಡಿತು. ಇನ್ನು ನಡೆಯಬೇಕು, ಈಗ ಕಾಲೂರದಿದ್ದರೆ ಆಮೇಲೆ ಕಾಲು ಮಾತು ಕೇಳುವುದಿಲ್ಲ, ಹಾಸಿಗೆಯೇ ಗತಿ ಎಂದರು ಡಾಕ್ಟರು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಹೆಡತಲೆ ಎಂಬ ಹಳ್ಳಿಯಲ್ಲಿ ಹುಟ್ಟಿ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬೆಳೆದ ಹೆಂಗಸು, ಕಾಲು ಕೆಳಗಿಡು ಅಂದರೆ ಮಗುವಿನ ಹಾಗೆ ನಡುಗುತ್ತಿದ್ದರು. “ಇನ್ನೊಂದ್ ಕಿತ ಬಿದ್ರೆ ನಾ ಉಳಿಯಾಕಿಲ್ಲ ಕನವ್ವ,” ಎನ್ನುತ್ತಿದ್ದರು. ನಾನು ದಿನಾ ನಂಜುಂಡಪ್ಪನ ಗುಡಿಯಲ್ಲಿ ನಿಂತು, ಅಪ್ಪಾ, ಅವರನ್ನು ಎಬ್ಬಿಸು, ಎಂದು ಬೇಡುತ್ತಿದ್ದೆ. ಅವರು ಎದ್ದರೆ ನನ್ನ ಅಡುಗೆಮನೆಗೇ ಬಂದು ನಿಲ್ಲುತ್ತಾರೆ ಎಂಬುದು ಗೊತ್ತಿದ್ದೂ ಬೇಡುತ್ತಿದ್ದೆ. ಭಕ್ತಿ ಅಂದರೆ ಅದು.

ನಡುಮನೆಯಲ್ಲಿದ್ದದ್ದು ಒಂದೇ ಪ್ಲಗ್ಗು, ಅದೂ ಅತ್ತೆಯ ಮಂಚದ ಪಕ್ಕ. ಹಾಗಾಗಿ ಕಂಪ್ಯೂಟರು ಅಲ್ಲೇ ಕೂತಿತು. ಮಧ್ಯಾಹ್ನ ಕೆಲಸ ಮುಗಿಸಿ ನಾನು ಕೋಟೆಯೊಳಗೆ ಹೊಕ್ಕರೆ, ಬಂದದ್ದನ್ನೆಲ್ಲ ಜೋರಾಗಿ ಓದಿ ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಗೋಡೆಯ ಕಡೆಯಿಂದ ದನಿ ಬಂತು.

“ಆಗ್ಲೇ ಒಂದ್ ಅಗ್ಗ ಬಿದ್ದದೆ ಅಂದ್ಯಲ್ಲ, ತಗಂಡ್ಯಾ?”

“ಹಗ್ಗ ಯಾಕೆ ಅತ್ತೆ?”

“ಇರ್ಲಿ ತಗೊ. ಯಾವುದ್ಕಾರ ಆಯ್ತದೆ.”

ಅಲ್ಲಿಂದ ಆಟ ಅವರದಾಯಿತು, ಬೆರಳು ಮಾತ್ರ ನನ್ನದು. ಮುರುಕು ಕೊಡಲಿ, ಖಾಲಿ ಸೀಸೆ, ತುಕ್ಕು ಸರಪಳಿ, ಏನನ್ನೂ ಬಿಡಲು ಒಪ್ಪುತ್ತಿರಲಿಲ್ಲ. ಇನ್ನು ಹೊರಲು ನಿಮ್ಮಿಂದ ಆಗದು ಎಂದು ಕಂಪ್ಯೂಟರ್ ಹೇಳಿದರೆ, “ಸೆರಗಲ್ಲಿ ಕಟ್ಕತೀವಿ ಅನ್ನು ಅವನ್ಗೆ,” ಎನ್ನುತ್ತಿದ್ದರು. ಅವನಿಗೆ ಅದು ತಿಳಿಯುತ್ತಿರಲಿಲ್ಲ. ತಿಳಿಯದ್ದಕ್ಕೆಲ್ಲ ಅವನದು ಒಂದೇ ಉತ್ತರ: ನಿಮ್ಮ ಮಾತು ನನಗೆ ಅರ್ಥವಾಗಲಿಲ್ಲ. ನಮ್ಮ ಮನೆಯಲ್ಲಿ ಅತ್ತೆಗೆ ಎದುರು ನಿಂತು ಹಾಗಂದ ಮೊದಲನೆಯವನು ಅವನೇ. ಅದನ್ನು ಓದಿ ಹೇಳುವಾಗ ನನಗೆ ಆಗುತ್ತಿದ್ದ ಸುಖವನ್ನು ಸೊಸೆಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗವಿಯಲ್ಲಿ ದಾರಿ ತಪ್ಪುತ್ತಿತ್ತು. ಅದಕ್ಕೆ ನಾನು ಕೆಂಪು ನೆಲದ ಮೇಲೆ ರಂಗೋಲಿಯಲ್ಲಿ ದಾರಿ ಬರೆಯತೊಡಗಿದೆ. ಒಂದೊಂದು ಕೋಣೆಗೆ ಒಂದೊಂದು ಚುಕ್ಕಿ, ಓಣಿಗೆ ಗೆರೆ. ಅತ್ತೆ ಮಂಚದ ಅಂಚಿಗೆ ಬಂದು ಕತ್ತು ಬಗ್ಗಿಸಿ ನೋಡುತ್ತಿದ್ದರು. ದಿನಕ್ಕಿಷ್ಟು ಬೆಳೆದು ಗವಿ ಮಂಚದಿಂದ ಅಡುಗೆಮನೆಯ ಹೊಸಿಲವರೆಗೆ ಬಂತು. ಅದನ್ನು ಬಿಟ್ಟು ಸುತ್ತ ಕಸ ಗುಡಿಸುತ್ತಿದ್ದೆ. ಯಜಮಾನರು ಆಫೀಸಿನಿಂದ ಬಂದು ಕೊಕ್ಕರೆಯ ಹಾಗೆ ಕಾಲೆತ್ತಿ ಎತ್ತಿ ದಾಟುವಾಗ ಅತ್ತೆ, “ತುಳಿಬ್ಯಾಡ ಕಣ್ಲಾ, ಬಾವಿ ಅದೆ ಅಲ್ಲಿ,” ಎಂದು ಗದರುತ್ತಿದ್ದರು.

ಇಷ್ಟಾದರೂ ನಿಧಿ ಸಿಗಲಿಲ್ಲ. ದೀಪದಲ್ಲಿ ಎಣ್ಣೆ ಸ್ವಲ್ಪವೇ ಇತ್ತು. ಬೆಳಕಿರುವ ಕೋಣೆಗೆ ಬಂದಾಗ ಆರಿಸಿ ಉಳಿಸಿಕೊಳ್ಳಬೇಕು ಅಕ್ಕ, ಎಂದು ತಮ್ಮ ಹೇಳಿಕೊಟ್ಟಿದ್ದ. ಅತ್ತೆ ಸುತರಾಂ ಒಪ್ಪಲಿಲ್ಲ. “ಅಚ್ಚಿದ ದೀಪಾನ ಕೈಯಾರೆ ಆರಿಸ್ತಾರಾ? ಅಂಥ ಮಾತ ಬಾಯಲ್ಲಿ ತರಬ್ಯಾಡ.” ನನಗೂ ಮನಸ್ಸಿರಲಿಲ್ಲವೆನ್ನಿ. ನಡುಹಗಲಿನ ಬೆಳಕಿನಲ್ಲೂ ದೀಪ ಉರಿಸಿಕೊಂಡೇ ತಿರುಗುತ್ತಿದ್ದೆವು. ಬಾವಿಯ ಆಚೆಗಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ಎಣ್ಣೆ ಮುಗಿಯುತ್ತಿತ್ತು. ಕತ್ತಲಲ್ಲಿ ಮೆಟ್ಟಿಲು ತಪ್ಪಿ ಬಿದ್ದಿರಿ, ಆಟ ಮುಗಿಯಿತು ಎಂದು ಪರದೆಯ ಮೇಲೆ ಬರುತ್ತಿತ್ತು. ಮೊದಲ ಸಲ ಅದನ್ನು ಓದಿ ಹೇಳಲು ಹಿಂದೆಮುಂದೆ ನೋಡಿದೆ, ಅತ್ತೆಗೆ ಸೋಪಾನದ ನೆನಪಾದೀತು ಎಂದು. ಹೇಳಿದೆ.

“ಬಿದ್ರೆ ಬಿದ್ವಿ,” ಎಂದರು ಅತ್ತೆ. “ಮೊದ್ಲಿಂದ ಸುರು ಮಾಡು.”

ಅಲ್ಲಿ ದಿನವೂ ಬೀಳುತ್ತಿದ್ದವರು ಇಲ್ಲಿ ಮಂಚ ಬಿಟ್ಟು ಇಳಿಯರು.

ಒಂದು ದಿನ ಕರೆಂಟು ಹೋಗಿತ್ತು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಅತ್ತೆ ಕೂಗಿದರು. “ಅಮ್ಮಿ, ಬಾವಿ ಪಕ್ಕದ ದಾರಿಯ ಮೂಡ್ಲಾಗ್ ಬರೆಯೋದು ಬಿಟ್ಟು ಪಡುವ್ಲಾಗ್ ಬರ್ದಿದ್ದೀಯ. ಬಂದು ಸರಿ ಮಾಡು.”

ನನ್ನ ಬಾಯಿಗೆ ಯಾವ ದೇವರು ಬಂದು ಕೂತನೋ ಗೊತ್ತಿಲ್ಲ. “ನಿಮ್ಮ ಮಾತು ನನಗೆ ಅರ್ಥವಾಗಲಿಲ್ಲ,” ಎಂದೆ.

“ಏನಂದೆ?”

“ನೀವು ಮಂಚದ ಮೇಲಿದ್ದೀರಿ. ದಕ್ಷಿಣಕ್ಕೆ ಗೋಡೆ ಇದೆ. ಉತ್ತರಕ್ಕೆ ಅಡುಗೆಮನೆ. ಅಲ್ಲೊಂದು ಲೋಟ ಕಾಫಿ ಇದೆ.”

“ಕಾಪಿ ತತ್ತಾ.”

“ಕಾಫಿ ನಿಮ್ಮ ಕೈಗೆ ಎಟುಕುವುದಿಲ್ಲ.”

“ನಿನ್ ನಾಲ್ಗೆ ಮ್ಯಾಲೆ ಕೆಂಡ ಇಕ್ಕ.”

“ಆ ಪದ ನನಗೆ ಗೊತ್ತಿಲ್ಲ.”

ಕಾಫಿಯ ಲೋಟ ಕೈಗೆತ್ತಿಕೊಂಡೆ. ನಡುಮನೆಯಲ್ಲಿ ಮಂಚ ಕಿರುಗುಟ್ಟಿತು.

“ಕಾಲ್ ಕೆಳಿಕ್ಕು,” ಎಂದರು ಅತ್ತೆ. ಅದು ನನಗೆ ಹೇಳಿದ್ದಲ್ಲ.

“ಆಯಿತು,” ಎಂದೆ, ಕಂಪ್ಯೂಟರಿನ ದನಿಯಲ್ಲಿ.

“ಗ್ವಾಡೆ ಇಡ್ಕೊ.”

“ಹಿಡಿದಿದ್ದೀರಿ.”

“ಬಿದ್ರೆ?”

ಕಂಪ್ಯೂಟರಿನ ದನಿ ಬಿಟ್ಟೆ. “ಬಿದ್ದರೆ ಬಿದ್ವಿ ಅತ್ತೆ, ಮೊದಲಿಂದ ಶುರು ಮಾಡೋಣ,” ಎಂದು ಬಾಗಿಲಿಗೆ ಬಂದು ನಿಂತೆ. ಓಡಿಹೋಗಿ ಹಿಡಿಯಬೇಕೆಂದು ಜೀವ ಎಳೆಯುತ್ತಿತ್ತು. ಹಿಡಿದಿದ್ದರೆ ಅವರು ಅಲ್ಲೇ ಕೂತುಬಿಡುತ್ತಿದ್ದರು. ಎದುರಿಗೆ ನೆಲದ ತುಂಬ ರಂಗೋಲಿಯ ಗವಿ. ಎಂದಾದರೂ ರಂಗೋಲಿ ತುಳಿದ ಹೆಂಗಸೇ ಅವರು? ಏಳುವುದೇ ಇಲ್ಲ ಎಂದಿದ್ದ ಆ ಕಾಲನ್ನು ಎತ್ತಿ ಬಾವಿ ದಾಟಿಸಿದರು, ಮೆಟ್ಟಿಲು ದಾಟಿಸಿದರು. ಡಾಕ್ಟರು ಕಾಲು ಎತ್ತಿಡಿ, ಎತ್ತಿಡಿ ಎಂದು ಬಾಯಿ ನೋಯಿಸಿಕೊಂಡದ್ದನ್ನು ಆ ಬಿಳಿ ಪುಡಿ ಮಾಡಿಸಿತು. ಹೊಸಿಲಿಗೆ ಬಂದು, ಬಾಗಿಲ ಚೌಕಟ್ಟು ಹಿಡಿದು, ನನ್ನ ಕೈಯ ಲೋಟ ಕಸಿದುಕೊಂಡರು.

“ಈಗ ಅರ್ತ ಆಯ್ತಾ?” ಎಂದರು. ಒಂದು ಗುಟುಕು ಕುಡಿದರು. “ಸಕ್ರೆ ಕಮ್ಮಿ.”

ನಾನು ಅಳುತ್ತಲೇ ಸಕ್ಕರೆ ಡಬ್ಬಿ ತೆಗೆದೆ. ದೇವರು ಮಾಡಿದ ಚಿಕ್ಕಪುಟ್ಟ ಉಪಕಾರಗಳನ್ನು ಮಲಗುವ ಮುಂಚೆ ನೆನೆಸಿಕೊಳ್ಳುವುದು ನನ್ನ ಅಭ್ಯಾಸ. ಅವತ್ತು ಅತ್ತೆ ಎದ್ದದ್ದನ್ನು ಮೊದಲು ನೆನೆದೆ. ಬಾವಿಯ ದಾರಿ ತಪ್ಪಾಗಿ ಬರೆಸಿದ್ದನ್ನು ಆಮೇಲೆ. ತಿಂಗಳೊಪ್ಪತ್ತಿನಲ್ಲಿ ಅತ್ತೆ ಗುಡಿಗೂ ಹೋದರು, ನಾನು ನೆನೆಸಿದಂತೆ ನನ್ನ ಒಗ್ಗರಣೆಗೂ ಬಂದರು. ಆಟ ಮಾತ್ರ ಕೊನೆ ಕಾಣಲಿಲ್ಲ. ಕಂಪ್ಯೂಟರ್ ಕೆಟ್ಟ ಮೇಲೆ ಅದರ ಮೇಲೊಂದು ಮೊರ ಇಟ್ಟು ಸಂಡಿಗೆ ಆರಹಾಕುತ್ತಿದ್ದರು. ಕೊನೆಯವರೆಗೂ ಓಡಾಡಿಕೊಂಡಿದ್ದು ಹೋದ ವರ್ಷ ತೀರಿಕೊಂಡರು.

ಇದನ್ನೆಲ್ಲ ಕೇಳಿದ ಸಹನಾ ನೆಟ್ಟಿನಲ್ಲಿ ಏನೋ ಹುಡುಕಿದಳು. ಈ ಆಟ ಆಡಿದವರು ದೇಶದೇಶದಲ್ಲಿದ್ದಾರಂತೆ, ಈಗಲೂ ಕೂತು ಅದರ ಬಗ್ಗೆ ವಾದ ಮಾಡುತ್ತಾರಂತೆ. “ಅತ್ತೆ, ಇಲ್ಲಿದೆ ನೋಡಿ. ಬಾವಿ ಕೋಣೇಲಿ ದೀಪ ಆರಿಸ್ಬೇಕು. ಆಗ ಕತ್ತಲಲ್ಲಿ ಗೋಡೆಯ ಬಿರುಕಿಂದ ಬೆಳಕು ಕಾಣುತ್ತೆ. ಅದೇ ನಿಧಿಯ ಬಾಗಿಲು. ಅಜ್ಜಿ ಒಂದು ಸಲ ಆರಿಸಿದ್ರೆ ಗೆದ್ದುಬಿಡೋರು.” ನೆಟ್ಟಿನಲ್ಲಿ ಹೇಳಿದ ದಾರಿ ಹಿಡಿದು ಅಷ್ಟರಲ್ಲಿ ಬಾವಿ ಕೋಣೆಗೆ ಬಂದಿದ್ದಳು, ಬೆರಳು ಆಗಲೇ ಲ್ಯಾಪ್‌ಟಾಪಿನ ಗುಂಡಿಯ ಮೇಲಿತ್ತು. “ಆರಿಸ್ಲಾ?”

ದೇವರಕೋಣೆಯಲ್ಲಿ ಬೆಳಗ್ಗೆ ಹಚ್ಚಿದ ದೀಪ ಇನ್ನೂ ಉರಿಯುತ್ತಿತ್ತು.

“ಬೇಡ,” ಎಂದೆ.

“ಆರಿಸ್ದೆ ಹೋದ್ರೆ ಬೀಳ್ತೀವಿ ಅತ್ತೆ.”

“ಬಿದ್ರೆ ಬಿದ್ವಿ. ಮೊದ್ಲಿಂದ ಸುರು ಮಾಡು.”

ಅವಳು ನಕ್ಕು, ದಾರಿ ಬರೆದುಕೊಳ್ಳಲು ಪೆನ್ನು ಹುಡುಕತೊಡಗಿದಳು. ನಾನು ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿ, ರಂಗೋಲಿ ಡಬ್ಬಿ ತರಲು ಎದ್ದೆ.