ಕುಡಿಯದೆ ಇಟ್ಟ ಕಹ್ವಾ

ರಝಾಕ್, ಆ ದಿನ ನಿಮ್ಮ ಅಹವಾಲನ್ನು ನಾನು ಕೌನ್ಸಿಲ್ ಸದಸ್ಯರಿಗೆ ಹೇಳಲೇ ಇಲ್ಲ. ಒಂದು ಮಾತನ್ನೂ — ಹೇಳಲಿಲ್ಲ.

ಅರಬ್ ನಾಡಿನ ಈ ಇಬ್ರಿ ಪಟ್ಟಣದ ಹೊರಗೆ, ನಿಮ್ಮ ಟೈರ್ ಅಂಗಡಿಯ ಮುಂದಿನ ರಸ್ತೆಗೆ ಹಂಪ್ ಹಾಕಿಸಬೇಕು. ನೀವು ಬೇಡಿದ್ದು ಇಷ್ಟೇ. ಅಂಗಡಿ ಈಚೆ, ನಿಮ್ಮೆಲ್ಲರ ರೂಮುಗಳು ಆಚೆ, ನಡುವೆ ಓಡುವ ಲಾರಿಗಳು. ನಿಮ್ಮ ರೂಮಿನ ಮೊಯ್ದಿನ್ ಸತ್ತದ್ದು ಅಲ್ಲೇ. ಮುನ್ಸಿಪಲ್ ಕೌನ್ಸಿಲ್‌ಗೆ ಗೆದ್ದ ಸದಸ್ಯರು ಮನೆಯ ಮಜ್ಲಿಸ್ ಪಡಸಾಲೆಯಲ್ಲಿ ಯಾರು ಹೋದರೂ ಕಾಣುತ್ತಾರೆ ಎಂದು ಮೊದಲು ಹುಮ್ಮಸ್ಸಿನಲ್ಲಿ ಹೇಳಿ, ನಿಮ್ಮನ್ನು ಕರೆದೊಯ್ದವನು ನಾನೇ — ಅರಬ್ಬಿ ಬಲ್ಲ ಮೈಸೂರಿನವನು, ಆಫೀಸಿನ ಗುಮಾಸ್ತ. ದಾರಿಯಲ್ಲಿ ದೊಡ್ಡ ಮೇಷ್ಟ್ರ ಹಾಗೆ ಪಾಠ ಬೇರೆ ಮಾಡಿದ್ದೆ: ಬೇಡಿಕೆ ಇದ್ದವರು ಅವರು ಕೊಡುವ ಅರಬ್ಬಿ ಕಾಫಿ, ಕಹ್ವಾ, ಕುಡಿಯದೆ ಮುಂದಿಟ್ಟುಕೊಳ್ಳಬೇಕು, ಏನಾಗಬೇಕಿತ್ತೆಂದು ಯಜಮಾನರೇ ಕೇಳುತ್ತಾರೆ, ಆಗಲಿ ಎಂದ ಮೇಲೆಯೇ ಕುಡಿಯಬೇಕು.

ಒಂದನ್ನು ಮಾತ್ರ ಹೇಳಿರಲಿಲ್ಲ. ಆ ಲಾರಿಗಳು ನನ್ನ ಕಫೀಲನವು, ನನಗೆ ಕೆಲಸ ಕೊಟ್ಟ ಮಾಲೀಕನವು. ಹಿಂದಿನ ದಿನವಷ್ಟೇ ಅವನು ನನ್ನನ್ನು ಕರೆದು, "ಆ ರಸ್ತೆಯ ಮಾತು ಖಲಾಸ್" ಎಂದಿದ್ದ. ನನ್ನ ವೀಸಾಕ್ಕೆ ಅವನ ಸಹಿ ಬೇಕಿತ್ತು. ನಾನು ಬರುವುದಿಲ್ಲ ಎಂದಾದರೂ ನಿಮಗೆ ಹೇಳಬಹುದಿತ್ತು — ಅದಕ್ಕೂ ಎದೆ ಬೇಕಲ್ಲ.

ನೀವು ಕಹ್ವಾ ಮುಟ್ಟಲಿಲ್ಲ. "ಮೊಯ್ದಿನ್‌ನ ಚಪ್ಪಲಿ ಇನ್ನೂ ನಮ್ಮ ಬಾಗಿಲಲ್ಲೇ ಉಂಟು ಅಂತ ಹೇಳಿ ಸರ್. ಇನ್ನೊಬ್ಬ ಹೋಗುವ ಮೊದಲು ಏನಾದ್ರೂ ಮಾಡ್ಲಿ" ಎಂದಿರಿ. ಸದಸ್ಯರು ನಿಮ್ಮ ತುಂಬಿದ ಬಟ್ಟಲನ್ನು ನೋಡಿ, ನನ್ನ ಕಡೆ ತಿರುಗಿ, "ಇವರಿಗೆ ಏನಾಗಬೇಕು?" ಎಂದರು.

ಕೇಳಿದರು, ರಝಾಕ್. ನಾನು ಹೇಳಿಕೊಟ್ಟ ಹಾಗೆಯೇ ಕೇಳಿದರು.

"ಇವನ ಗೆಳೆಯ ತೀರಿಕೊಂಡ. ನಿಮ್ಮ ದುಆ ಬೇಕಂತೆ" ಎಂದೆ.

ಅವರು ಕೈಯೆತ್ತಿ ಪ್ರಾರ್ಥಿಸಿದರು. ಮೊಯ್ದಿನ್‌ಗೆ ಮರುಗಿದರೆಂದುಕೊಂಡಿರೇನೋ, ನೀವೂ ಕೈಯೆತ್ತಿದಿರಿ. ಆಮೇಲೆ ನಿಮ್ಮ ಹೆಗಲ ಮೇಲೆ ಕೈಯಿಟ್ಟರು. ನೀವು ಆಸೆಯಿಂದ ನನ್ನ ಮುಖ ನೋಡಿದಿರಿ.

"ಕುಡೀರಿ, ಒಪ್ಕೊಂಡ್ರು" ಎಂದುಬಿಟ್ಟೆ.

ಒಂದೇ ಗುಟುಕಿಗೆ ಕುಡಿದಿರಿ. ಹೊರಗೆ ಬಂದು, "ಯಾವಾಗ ಹಾಕ್ತಾರಂತೆ ಮಾರಾಯ್ರೆ?" ಎಂದು ಕೇಳಿದಾಗ ನಿಮ್ಮ ಮುಖದಲ್ಲಿದ್ದ ಖುಷಿ — ಬೇಡ.

ಹಂಪ್ ಬಾರದಿದ್ದಾಗ, ರೂಮಿನ ಉಳಿದವರು ಇನ್ನೊಮ್ಮೆ ಹೋಗಿ ಕೇಳೋಣ ಎಂದಾಗ, "ಮಾತು ಕೊಟ್ಟವರನ್ನು ಪೀಡಿಸಬಾರದು" ಎಂದು ತಡೆದವರು ನೀವೇ. ಆ ಬೇಸಿಗೆ ಮುಗಿಯುವ ಮೊದಲೇ ಅದೇ ರಸ್ತೆಯಲ್ಲಿ ನಿಮ್ಮ ಬಲಗಾಲು ಹೋಯಿತು.

ಈಗ ಉಪ್ಪಿನಂಗಡಿಯಿಂದ ಪ್ರತಿ ಈದ್‌ಗೂ ನನಗೆ ಫೋನ್ ಮಾಡುತ್ತೀರಿ. "ನೀವು ಎಷ್ಟು ಚಂದ ಕೇಳಿದ್ರಿ. ಮಾತು ತಪ್ಪಿದ್ದು ಆ ಮನುಷ್ಯ" ಎನ್ನುತ್ತೀರಿ. ನಾನು ಹೂಂಗುಡುತ್ತೇನೆ. ಹೂಂಗುಟ್ಟಿ ಫೋನಿಟ್ಟು, ಅನ್ನ ಉಣ್ಣುತ್ತೇನೆ. ನಾಚಿಕೆಗೆಟ್ಟ ಬಾಳು.

ಹಂಪ್ ಇನ್ನೂ ಬಂದಿಲ್ಲ. ನಾಳೆ ಒಬ್ಬನೇ ಆ ಮಜ್ಲಿಸ್‌ಗೆ ಹೋಗುತ್ತೇನೆ, ಕಹ್ವಾ ಮುಟ್ಟುವುದಿಲ್ಲ. ವೀಸಾ ಹೋದರೆ ಹೋಗಲಿ. ಅದರಿಂದ ನಿಮ್ಮ ಕಾಲು ಬರುವುದಿಲ್ಲ, ಗೊತ್ತು.

ಇನ್ನು ಮೇಲೆ ಆ ಸದಸ್ಯರನ್ನು ಶಪಿಸಬೇಡಿ, ರಝಾಕ್. ಅವರು ಮಾತು ತಪ್ಪಲಿಲ್ಲ. ನಾನು ಕೇಳಿದ್ದು ಪ್ರಾರ್ಥನೆಯನ್ನು. ಅದನ್ನು ಅವರು ಕಣ್ಣುಮುಚ್ಚಿ, ಮನಸ್ಸಿಟ್ಟು ಮಾಡಿದರು.