ಕೊಂಡುಕುರಿಯ ಹಿಕ್ಕೆ, ಅಡಿಕೆ ತೋಟದ ಗೊಬ್ಬರ

ಬಿಳಿಚೋಡಿನ ದುರುಗಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಾರೆ. ಹೇಳಲಿ. ಜಗಳೂರು ಕಡೆಯ ಕೊಂಡುಕುರಿ ಗುಡ್ಡವನ್ನು ಹನ್ನೊಂದು ವರ್ಷ ಕಾಯ್ದ ಮೇಲೂ ಸಿಟ್ಟು ಬರದಿದ್ದರೆ ಅದು ಕಾವಲೇ ಅಲ್ಲ. ನೋಡಲು ಬಂದವರು ಪ್ರಾಣಿಗಳ ನೀರಿನ ತೊಟ್ಟಿಯಲ್ಲಿ ಕಾಲು ತೊಳೆಯುತ್ತಾರೆ, ಬಂಡೆಯ ಮೇಲೆ ತಮ್ಮ ಹೆಸರು ಬರೆಯುತ್ತಾರೆ, ಹೋಗುವಾಗ ಇಲ್ಲಿ ನೋಡಲು ಏನೂ ಇಲ್ಲವಲ್ಲ ಎಂದು ಅವಳನ್ನೇ ದೂರುತ್ತಾರೆ.

ಅವಳು ಮೊದಲು ಕಾವಲಿನವಳಲ್ಲ, ಕಳ್ಳಿ. ಕದ್ದು ಗುಡ್ಡಕ್ಕೆ ಮೇಕೆ ಹೊಡೆದುಕೊಂಡು ಹೋಗುತ್ತಿದ್ದವಳನ್ನು ಫಾರೆಸ್ಟರ್ ಷಣ್ಮುಖಪ್ಪನವರು ಒಂದು ಸಂಜೆ ಹಿಡಿದರು. ಬೈಯುತ್ತ ಬೈಯುತ್ತ ವಿಚಾರಿಸಿದರೆ, ಯಾವ ಪೊದೆಯಲ್ಲಿ ಯಾವ ಪ್ರಾಣಿ ಮರಿ ಹಾಕಿದೆ ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಮೇಕೆ ಮಾರಿಸಿ, ದಿನಗೂಲಿಯ ವಾಚರ್ ಕೆಲಸಕ್ಕೆ ಸೇರಿಸಿಕೊಂಡರು. ಅಂದಿನಿಂದ ಅವಳ ಮನೆಯಲ್ಲಿ ಮೇಕೆಯ ಹಗ್ಗವೂ ಇಲ್ಲ.

ಹೆಸರಿಗೆ ಕುರಿಯಾದರೂ ಕೊಂಡುಕುರಿ ಜಿಂಕೆಯಂಥ ಕಾಡುಪ್ರಾಣಿ, ಅದಕ್ಕೆ ಬಲು ನಾಚಿಕೆ. ತಲೆಯ ಮೇಲೆ ನಾಲ್ಕು ಕೊಂಬಿದ್ದರೂ ಯಾರ ಕಣ್ಣಿಗೂ ಬೀಳದು. ಆದರೆ ಹಿಕ್ಕೆ ಹಾಕುವುದು ಮಾತ್ರ ದಿನವೂ ಒಂದೇ ಜಾಗಕ್ಕೆ ಬಂದು. ತೊಟ್ಟಿಯ ಪಕ್ಕದ ತಗ್ಗಿನಲ್ಲಿ ಅಂಥದೊಂದು ರಾಶಿಯಿತ್ತು. ವರ್ಷಕ್ಕೊಮ್ಮೆ ಪ್ರಾಣಿ ಎಣಿಸಲು ಬರುವವರು ಆ ರಾಶಿಯನ್ನೇ ನೋಡಿ, ಇಲ್ಲಿ ಕೊಂಡುಕುರಿ ಉಂಟು ಎಂದು ಬರೆದುಕೊಳ್ಳುತ್ತಿದ್ದರು. ಹಾಗೆ ಬರೆದ ಕಡೆಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬರುತ್ತಿತ್ತು. ಬರೆಯದ ಕಡೆ ತೊಟ್ಟಿ ಒಣಗುತ್ತಿತ್ತು. ಅದಕ್ಕೇ ದುರುಗಕ್ಕ ಆ ರಾಶಿಯನ್ನು ತುಳಿಯದೆ ಸುತ್ತು ಹಾಕಿ ನಡೆಯುತ್ತಿದ್ದಳು.

ಹೋದ ವರ್ಷ ಎಣಿಕೆಗೆ ಎರಡೇ ದಿನ ಉಳಿದಿರುವಾಗ, ಗುಡ್ಡ ಸ್ವಚ್ಛ ಮಾಡುತ್ತೇವೆಂದು ಕೆರೆಬಿಳಚಿಯಿಂದ ಒಂದು ಬಸ್ಸು ಜನ ಬಂದಿಳಿದರು. ಮುಂದಾಳು ಬೆನಕಪ್ಪನವರು, ಅಡಿಕೆ ತೋಟದವರು. ಕಸಕ್ಕಿಂತ ಮೊದಲು ಬ್ಯಾನರು, ಬ್ಯಾನರಿಗಿಂತ ಮೊದಲು ಫೋಟೊ. ದುರುಗಕ್ಕ ಕೆಳಗೆ ಬಾಟಲಿ ಆರಿಸುವವರ ಜೊತೆಗಿದ್ದಳು. ಅವಳು ಮೇಲೆ ಹೋಗುವಷ್ಟರಲ್ಲಿ ತೊಟ್ಟಿಯ ಪಕ್ಕದ ತಗ್ಗು ಮದುವೆಮನೆಯ ಅಂಗಳದಂತೆ ಹಸನಾಗಿತ್ತು.

ತೋಟದವರ ಕಣ್ಣೇ ಹಾಗೆ. ಕುರಿಗೊಬ್ಬರಕ್ಕೆಂದು ವರ್ಷವರ್ಷವೂ ಜಗಳೂರಿನ ಹಟ್ಟಿಗಳಿಗೆ ಲಾರಿ ಕಳಿಸುವ ಬೆನಕಪ್ಪನವರಿಗೆ, ಪುಕ್ಕಟೆ ಬಿದ್ದ ಹಿಕ್ಕೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಕಸವೂ ಹೋಯಿತು, ಗೊಬ್ಬರವೂ ಸಿಕ್ಕಿತು ಎಂದು ಚೀಲಕ್ಕೆ ತುಂಬಿಸಿ ಬಾಯಿ ಕಟ್ಟಿಸಿದ್ದರು. ಸಾಲದ್ದಕ್ಕೆ, ನಿಮ್ಮ ಕಾವಲಿನವರೇ ಕುರಿಮೇಕೆ ಒಳಗೆ ಬಿಡುತ್ತಿದ್ದಾರೆ ಎಂದು, ಅವಳ ಹಿಂದೆಯೇ ಹತ್ತಿ ಬಂದ ಷಣ್ಮುಖಪ್ಪನವರಿಗೆ ದೂರು ಬೇರೆ ಕೊಟ್ಟರು. ಷಣ್ಮುಖಪ್ಪನವರು ತಿರುಗಿ ದುರುಗಕ್ಕನ ಮುಖ ನೋಡಿದರು. ಆ ಒಂದು ನೋಟಕ್ಕೆ ಅವಳ ಮೈಯೆಲ್ಲ ಉರಿಯಿತು. ಹತ್ತು ವರ್ಷ ದುಡಿದರೂ ಇವರ ಲೆಕ್ಕದಲ್ಲಿ ತಾನಿನ್ನೂ ಕಳ್ಳಿಯೇ.

"ಮೇಕೆ ನಡೀತಾ ನಡೀತಾ ಉದುರಿಸ್ತೈತೆ ಯಜಮಾನ್ರೇ, ದಾರಿ ತುಂಬ ಬೀಳ್ತೈತೆ," ಎಂದಳು. "ಇದು ಒಂದೇ ಕಡೆ ರಾಶಿ ಹೆಂಗೆ ಬಿತ್ತು? ಮೇಕೆ ಪಾಳಿ ನಿಂತು ಹಾಕಿ ಹೋದ್ವೇನು? ಕಾಡು ಕಾಯಾಕೆ ಅಂತ ಬಂದು ಕೊಂಡುಕುರಿ ಗುರುತೇ ಗುಡಿಸಿಬಿಟ್ರಲ್ರೀ."

ಬೆನಕಪ್ಪನವರ ಮುಖ ಸಣ್ಣಗಾಯಿತು. ಚೀಲ ತಂದು ಅವಳ ಕಾಲ ಬಳಿ ಇಟ್ಟರು. ಷಣ್ಮುಖಪ್ಪನವರು ಅವಳನ್ನು ಪಕ್ಕಕ್ಕೆ ಕರೆದು, ಇದ್ದ ಜಾಗದಲ್ಲೇ ವಾಪಸು ಸುರಿದುಬಿಡು, ಎಣಿಸುವವರಿಗೆ ಏನು ಗೊತ್ತಾಗುತ್ತದೆ ಎಂದು ಮೆತ್ತಗೆ ಹೇಳಿದರು. ಅವಳ ಸಿಟ್ಟು ನೆತ್ತಿಗೇರಿದ್ದು ಆಗಲೇ.

"ಕದ್ದು ಮೇಯಿಸಿದ್ದು ಸಾಕು ಸಾಹೇಬ್ರೇ. ಕದ್ದು ಬರೆಸಾಕೆ ನಾನು ಬರಾಕಿಲ್ಲ."

ಎಣಿಸುವವರು ಬಂದರು. ಬರಿ ನೆಲ ನೋಡಿದರು, ಚೀಲದಲ್ಲಿರುವುದು ಲೆಕ್ಕಕ್ಕಿಲ್ಲ ಎಂದರು, ಕೊಂಡುಕುರಿ ಇಲ್ಲ ಎಂದು ಬರೆದರು. ದುರುಗಕ್ಕ ಹಲ್ಲು ಕಚ್ಚಿಕೊಂಡು ಸಹಿ ಹಾಕಿದಳು. ಅವರ ಜೀಪು ಹೋದ ಮಾರನೆಯ ಬೆಳಿಗ್ಗೆ ಅದೇ ತಗ್ಗಿನಲ್ಲಿ ಒಂದು ಹಿಡಿ ಹಸಿ ಹಿಕ್ಕೆ ಬಿದ್ದಿತ್ತು. ಅದನ್ನು ಕಂಡು ಅವಳು ಅಲ್ಲೇ ಕೂತು ಅತ್ತಳು, ಆಮೇಲೆ ಬಾಯಿಗೆ ಬಂದಂತೆ ಬೈದಳು. ತನ್ನನ್ನೂ ಸೇರಿಸಿಯೇ ಬೈದಳು. ಷಣ್ಮುಖಪ್ಪನವರು ಮೇಲಿನವರಿಗೆ ಕಾಗದ ಬರೆದರೆ, ಇನ್ನು ಮುಂದಿನ ವರ್ಷವೇ ಎಂದು ಉತ್ತರ ಬಂತು.

ಆ ಬೇಸಿಗೆ ಟ್ಯಾಂಕರ್ ಬರಲಿಲ್ಲ. ಗುಡ್ಡದ ಬುಡದ ಬೋರ್‌ವೆಲ್‌ನಿಂದ ದುರುಗಕ್ಕ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ದಿನಕ್ಕೆ ನಾಲ್ಕು ಸಲ ಹತ್ತಿದಳು. ತಗ್ಗಿನ ರಾಶಿ ಮೆಲ್ಲಗೆ ಬೆಳೆಯಿತು.

ಈ ವರ್ಷ ಜನವರಿಯಲ್ಲಿ ಬೆನಕಪ್ಪನವರ ಬಸ್ಸು ಮತ್ತೆ ಬಂತು. ಅದೇ ಬ್ಯಾನರು. ತಪ್ಪಾಯಿತು ಎಂದು ಅವರು ಮಾತು ಶುರು ಮಾಡಿದರು. ದುರುಗಕ್ಕ ಅದಕ್ಕೆ ಕಿವಿಗೊಡದೆ ಪೊರಕೆಗಳನ್ನೂ ಚೀಲಗಳನ್ನೂ ಗೇಟಿನ ಹೊರಗೇ ಇಳಿಸಿಕೊಂಡಳು. ಬೋರ್‌ವೆಲ್ ಪಕ್ಕದಲ್ಲಿ ಬೆಳಗ್ಗೆಯೇ ಸಾಲಾಗಿ ತುಂಬಿಟ್ಟಿದ್ದ ಕೊಡಗಳನ್ನು ತೋರಿಸಿದಳು.

"ಮೊದಲು ಆಳಿಗೊಂದು ಕೊಡ ತೊಟ್ಟಿಗೆ ಹಾಕಿ ಬರ್ರಿ. ಆಮೇಲೆ ಕಸ ಆರಿಸ್ರಿ. ಯಾವುದು ಕಸ ಅನ್ನೋದು ನಾನು ಹೇಳ್ತೀನಿ."

ಯಾರೂ ಫೋಟೊ ತೆಗೆಯಲಿಲ್ಲ. ಬೆನಕಪ್ಪನವರು ಪಂಚೆ ಎತ್ತಿ ಕಟ್ಟಿ, ಮೊದಲ ಕೊಡವನ್ನು ಹೆಗಲಿಗೇರಿಸಿಕೊಂಡು ಹತ್ತಿದರು. ತಗ್ಗಿನ ರಾಶಿ ಎದುರಾದಾಗ ಸುತ್ತು ಹಾಕಿ ನಡೆದರು. ತೊಟ್ಟಿ ತುಂಬಿತು. ದುರುಗಕ್ಕನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.