ಎದೆಮಟ್ಟದ ನೀರಿನಲ್ಲಿ

ಹೈದರಾಬಾದಿನ ಒಂದು ತುದಿಯಲ್ಲಿ ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ಅಂಥದ್ದೊಂದು ಕಟ್ಟಡದಲ್ಲಿ ನನಗೆ ಸಾಫ್ಟ್‌ವೇರ್ ಕೆಲಸ. ನನ್ನ ಗಂಡನಿಗೆ ಇನ್ನೊಂದು ತುದಿಯ ಉಪ್ಪಲ್ ಕಡೆಯ ಕಾರ್ಖಾನೆಯಲ್ಲಿ. ವಾರವಿಡೀ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡುತ್ತಿರಲಿಲ್ಲ. ಅದಕ್ಕೇ, ಭಾನುವಾರ ಈಜುಕೊಳದಲ್ಲಿ ಕಯಾಕ್ ಕಲಿಸುತ್ತಾರೆಂದು ತಿಳಿದಾಗ ಇಬ್ಬರೂ ಸೇರಿದೆವು.

ಕಯಾಕ್ ಅಂದರೆ ಒಬ್ಬರೇ ಕಾಲು ಚಾಚಿ ಕೂರುವ ಇಕ್ಕಟ್ಟಿನ ದೋಣಿ. ಮಗುಚಿದರೆ ಅದರಿಂದ ಹೊರಬೀಳದೆ, ನೀರೊಳಗೆ ತಲೆಕೆಳಗಾಗಿದ್ದಲ್ಲಿಂದಲೇ ಸೊಂಟ ತಿರುವಿ, ಹುಟ್ಟು ಬೀಸಿ ಮೇಲೆ ಬರಬೇಕು. ಅದಕ್ಕೆ ರೋಲ್ ಅನ್ನುತ್ತಾರೆ. ನನ್ನ ಗಂಡ ಬೇಗ ಕಲಿತರು. ನಾನು ಗಾಬರಿಯಲ್ಲಿ ಮೊದಲು ತಲೆ ಎತ್ತುತ್ತಿದ್ದೆ, ದೋಣಿ ಮತ್ತೆ ಮಗುಚುತ್ತಿತ್ತು. ಕೊನೆಗೆ ಅವರು ತಮ್ಮ ದೋಣಿ ಬಿಟ್ಟು ಎದೆಮಟ್ಟದ ನೀರಿನಲ್ಲಿ ನನ್ನ ಪಕ್ಕ ನಿಂತರು. ಅವರ ಕೈ ಹಿಡಿದು ಮಗುಚುವುದು, ಅದೇ ಆಸರೆಯಲ್ಲಿ ಏಳುವುದು. "ತಲಿ ಕಡೀಕ ಬರ್ಲಿ. ನಾ ಹಿಡದೀನಿ," ಅನ್ನುತ್ತಿದ್ದರು.

ಒಂದು ಭಾನುವಾರ ಅವರ ಎಡಗೈ ಜಾರಿತು. ನಾನು ನೀರು ಕುಡಿದು, ಕೆಮ್ಮುತ್ತ ಎದ್ದು ರೇಗಿದೆ. ಅವರು ತಮ್ಮ ಕೈಯನ್ನೇ ನೋಡುತ್ತಿದ್ದರು.

"ಗಟ್ಟಿ ಹಿಡೀಬೇಕಂತೀನಿ, ಬೆರಳು ಮಾತು ಕೇಳವಲ್ವು," ಅಂದರು.

ತಿಂಗಳುಗಟ್ಟಲೆ ಆಸ್ಪತ್ರೆ ಅಲೆದ ಮೇಲೆ ಅದು ನರದ ರೋಗ, ಮೈಯೆಲ್ಲ ಏರುತ್ತದೆ, ಔಷಧಿಯಿಲ್ಲ ಅಂದರು ಡಾಕ್ಟರು. ಅಂಗಿಯ ಗುಂಡಿ ಹಾಕಲು ನಾನು ಬೇಕಾದೆ. ಆಮೇಲೆ ಅನ್ನ ಕಲಸಿ ತಿನ್ನಿಸಲು. ನಾನು ಕಲಿಯುವುದು ಬಿಡುತ್ತೇನೆ ಅಂದಾಗ ಮಾತ್ರ ಅವರು ಸಿಟ್ಟಾದರು. ಕೊಳದ ದಂಡೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕಲಿಸುವಾತ ನನ್ನ ಪಕ್ಕ ನೀರಿನಲ್ಲಿ ನಿಂತ. ಅಲ್ಲಿದ್ದಷ್ಟು ಹೊತ್ತು ರೋಗದ ಮಾತಿರುತ್ತಿರಲಿಲ್ಲ. ಹೋಗುತ್ತಿದ್ದುದೂ ಅದಕ್ಕೇ.

ಮರುವರ್ಷದ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ, ಯಾರ ಕೈಯೂ ಇಲ್ಲದೆ ಮೇಲೆ ಬಂದೆ. ಕಿವಿಯಿಂದ ನೀರಿಳಿಯುತ್ತಿತ್ತು. ಅವರ ಕಡೆ ತಿರುಗಿದೆ. ಕೈಗಳು ತೊಡೆಯ ಮೇಲೆ ಇಟ್ಟಲ್ಲೇ ಇದ್ದವು, ಮುಖ ಮಾತ್ರ ಅರಳಿತ್ತು. ಆಗಲೇ ನಾಲಿಗೆ ತೊದಲುತ್ತಿತ್ತು.

"ಇನ್ನೊಮ್ಮೆ," ಅಂದರು.

ಇನ್ನೊಮ್ಮೆ ಮಗುಚಿದೆ. ಏಳಲಾಗದೆ ಒದ್ದಾಡಿ ಹೊರಬಂದೆ. ಅವರು ನಕ್ಕರು. ನಾನೂ ನಕ್ಕೆ. ಇಬ್ಬರೂ ಕೂಡಿ ನಕ್ಕದ್ದು ಅದೇ ಕೊನೆ.

ಶ್ರಾವಣದಲ್ಲಿ ಹೋಗಿಬಿಟ್ಟರು. ನಾನು ಮತ್ತೆ ಕೊಳಕ್ಕೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಗುಲಬರ್ಗಾದಲ್ಲಿ ಮೈದುನನ ಮನೆಯಲ್ಲಿದ್ದ ಅತ್ತೆಗೆ ಫೋನ್ ಮಾಡುತ್ತಿದ್ದೆ. ಚಹಾ ಆಯ್ತೇನು, ಅಲ್ಲಿ ಮಳೆ ಐತೇನು ಅಂತ ಕೇಳುತ್ತಿದ್ದರು. ನನ್ನ ಗಂಡನ ಹೆಸರು ಇಬ್ಬರೂ ಎತ್ತುತ್ತಿರಲಿಲ್ಲ. ಮುಂದಿನ ಭಾನುವಾರ ಮಾತಾಡೋಣ ಅಂದು, ಫೋನ್ ಇಡುತ್ತಿದ್ದೆವು.